ಕಾಲಿನಲ್ಲಿ ಏನೂ ಇಲ್ಲ

ಪಾದಕವಚ ಮತ್ತೆ ಚೀರಿತು. "ಬಲಪಾದದ ತಾಪ ಏರುತ್ತಿದೆ. ನಡೆಯಬೇಡಿ."

ಶಿವಗಂಗಮ್ಮ ಮಂಚದ ಮೇಲೆ ಕುಳಿತೇ ಕವಚವನ್ನು ಜಗ್ಗಿದಳು. ಅದು ಅಲುಗಲಿಲ್ಲ. ನೋವೂ ಇರಲಿಲ್ಲ, ಸಕ್ಕರೆ ಕಾಯಿಲೆ ಅವಳ ಪಾದಗಳ ಅರಿವನ್ನು ಎಂದೋ ಕಸಿದುಕೊಂಡಿತ್ತು. ಹೋದ ವರ್ಷ ಚಪ್ಪಲಿಯ ಮೊಳೆಯೊಂದು ಎಡಗಾಲಿನ ಕಿರುಬೆರಳನ್ನೇ ಬಲಿ ತೆಗೆದುಕೊಂಡಾಗಲೂ ಅವಳಿಗೆ ತಿಳಿದಿರಲಿಲ್ಲ.

ಅಂಥವರಿಗಾಗಿಯೇ ಡಾ. ಪಾರಿಜಾತ ಈ ಕವಚಗಳನ್ನು ರೂಪಿಸಿದ್ದರು. ಒಳಗಿನ ತಾಪಸಂವೇದಕಗಳು ಎರಡೂ ಪಾದಗಳ ಬಿಸಿಯನ್ನು ಹೋಲಿಸುತ್ತಿದ್ದವು. ಒಂದು ಹೆಚ್ಚು ಬಿಸಿಯಾದರೆ ಅಲ್ಲಿ ಹುಣ್ಣು ಹುಟ್ಟುತ್ತಿದೆ ಎಂದರ್ಥ. ನೋವು ತಿಳಿಯದ ರೋಗಿಗಳು ಕವಚ ಕಿತ್ತೆಸೆದು ಬರಿಗಾಲಲ್ಲಿ ಓಡಾಡುತ್ತಿದ್ದುದರಿಂದ, ಎರಡೂ ಪಾದಗಳ ಬಿಸಿ ಸಮನಾಗುವವರೆಗೆ ತೆರೆಯದ ಬೀಗವನ್ನೂ ಇಟ್ಟಿದ್ದರು. ಕವಚದ ನೂಲು ಕತ್ತರಿಗೂ ಜಗ್ಗದು. ರೋಗಿಗಳ ಕಣ್ಣೀರಿಗೆ ಕರಗಬಾರದೆಂದು ವೈದ್ಯೆ ತಮಗೂ ಕೀಲಿ ಇಟ್ಟುಕೊಂಡಿರಲಿಲ್ಲ.

ಕರೆ ಹೋದೊಡನೆ ಓಡಿಬಂದಿದ್ದ ಅವರು ಕವಚದ ಅಂಕಿಗಳನ್ನು ಮೊಬೈಲಿನ ಪರದೆಯಲ್ಲಿ ನೋಡಿದರು. "ಪಾದ ಬಿಸಿಯಾಗಿದೆ, ಎರಡನೆಯ ಬೆರಳು ಮಾತ್ರ ತಣ್ಣಗಿದೆ. ಅದಕ್ಕೆ ರಕ್ತ ಸರಿಯಾಗಿ ಹೋಗುತ್ತಿಲ್ಲ. ಒಳಗೇನೋ ಒತ್ತುತ್ತಿದೆ. ಬೆಳಿಗ್ಗೆ ತೊಡುವಾಗ ಕವಚ ಕೇಳಿದ ಪ್ರಶ್ನೆಗೆ ಏನೆಂದಿರಿ?"

"ಕಾಲಲ್ಲಿ ಏನಾದ್ರೂ ಐತಾ ಅಂತು. ಏನೂ ಇಲ್ಲ ಅಂದೆ."

ಗಂಡ ಮರುಳಪ್ಪ ಮುಂದೆ ಬಂದ. "ಅಳತೆ ತಗೊಳ್ಳೋವಾಗ ಕಾಲುಂಗುರ ಬಿಚ್ಚಿಸಿದ್ರಲ್ಲ ಮೇಡಂ, ಮನೆಗೆ ಬಂದು ಮತ್ತೆ ಹಾಕ್ಕೊಂಡ್ಲು."

"ಏನೂ ಇಲ್ಲ ಅಂದಿರಲ್ಲಮ್ಮ!"

"ಕಾಲುಂಗುರ ಕಾಲೇ ಅಲ್ವೇನವ್ವಾ?"

ಊದಿದ ಬೆರಳನ್ನು ಉಂಗುರ ಒತ್ತುತ್ತಿತ್ತು. ಒತ್ತಿದಷ್ಟೂ ಪಾದ ಬಿಸಿಯಾಗುತ್ತಿತ್ತು. ಬಿಸಿಯಿರುವವರೆಗೆ ಬೀಗ ತೆರೆಯದು, ಬೀಗ ತೆರೆಯದೆ ಉಂಗುರ ಬಾರದು.

"ತಣ್ಣೀರು ಹುಯ್ಯಲಾ?" ಎಂದ ಮರುಳಪ್ಪ.

"ಹೋಗುತ್ತಿರುವ ರಕ್ತವೂ ನಿಂತೀತು." ಪಾರಿಜಾತ ಥಟ್ಟನೆ ತಲೆಯೆತ್ತಿದರು. "ಇದನ್ನು ತಣಿಸಲಾಗದಿದ್ದರೆ ಎಡಗಾಲನ್ನು ಬಿಸಿ ಮಾಡೋಣ! ಬಿಸಿನೀರು ಬೇಡ, ಸುಟ್ಟರೂ ಇವರಿಗೆ ತಿಳಿಯದು. ಮೈಬಿಸಿ ಸಾಕು."

ಮರುಳಪ್ಪ ನೆಲದ ಮೇಲೆ ಕುಳಿತು, ಹೆಂಡತಿಯ ಎಡಗಾಲನ್ನು ಕವಚದ ಸಮೇತ ಅಂಗಿಯೊಳಗೆ ಎಳೆದುಕೊಂಡು ಹೊಟ್ಟೆಗೆ ಅವಚಿಕೊಂಡ.

"ಅಯ್ಯೋ ಬಿಡ್ರೀ! ನನ್ನ ಕಾಲು ನೀವು ಹಿಡಿಯೋದಾ? ಪಾಪ ಬರ್ತೈತಿ!"

"ಬಂದ್ರೆ ನನಗೆ ಬರಲಿ. ಅಲುಗಾಡಬ್ಯಾಡ."

ಪರದೆಯ ಎರಡು ಗೆರೆಗಳು ತೆವಳುತ್ತ ಹತ್ತಿರವಾದವು. ಕೂಡಿದವು. ಬೀಗ ಟಕ್ಕೆಂದು ತೆರೆಯಿತು.

ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಉಂಗುರ ಜಾರಲಿಲ್ಲ. ಮರುಳಪ್ಪ ತಂತಿ ಕತ್ತರಿಸುವ ಇಕ್ಕಳ ತಂದ.

"ನೀವಿರುವಾಗಲೇ ಕಾಲುಂಗುರ ಕತ್ತರಿಸ್ತೀರಾ?"

"ಇರೋದಕ್ಕೇ ಕತ್ತರಿಸ್ತಿದ್ದೀನಿ."

ಬೆಳ್ಳಿ ತುಂಡಾಯಿತು. ಬಹಳ ಹೊತ್ತಿನ ಮೇಲೆ ಬೆರಳಿಗೆ ಕೆಂಪು ಮರಳಿತು.

"ಯಂತ್ರಕ್ಕೆ ಪ್ರಶ್ನೆ ಕಲಿಸುವಾಗ ಇದೊಂದು ನನಗೇಕೆ ಹೊಳೆಯಲಿಲ್ಲವೋ," ಎಂದರು ಪಾರಿಜಾತ.

ಶಿವಗಂಗಮ್ಮನ ನೋಟ ಕೆಳಗಿಳಿಯಿತು. ಚಪ್ಪಲಿ ಹೊಸಿಲಾಚೆ ಬಿಟ್ಟು ಬಂದಿದ್ದ ವೈದ್ಯೆಯ ಪಾದಗಳಲ್ಲಿ ಜೋಡಿ ಕಾಲುಂಗುರ ಹೊಳೆಯುತ್ತಿತ್ತು.

"ನಿಮ್ಮನ್ನೇ ಕೇಳಿದ್ದಿದ್ರೆ ಏನಂತಿದ್ರಿ, ಡಾಕ್ಟ್ರವ್ವಾ?"

ಪಾರಿಜಾತ ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು, ಅಲ್ಲಿ ಏನೋ ಇರುವುದು ಆಗಷ್ಟೇ ಕಣ್ಣಿಗೆ ಬಿದ್ದವರಂತೆ.