ಕೊತ್ತತ್ತಿಗೆ ಬಂದ ಮಹಾಗನಿ ಗಿಟಾರು

ರೈಲಿನಿಂದ ಇಳಿದ ಆ ಗಂಡಸು ಮಗುವನ್ನು ಹೆಗಲಿಗೆ ಹಾಕಿಕೊಂಡ ರೀತಿ ನೋಡಿ ಶಿವನಂಜಮ್ಮನ ಎದೆ ಧಸಕ್ಕೆಂದಿತು. ಕಂಬಳಿ ಸುತ್ತಿದ ಮಗು. ಕಾಲು ದಪ್ಪ, ಕತ್ತು ಸಣ್ಣ. ಆ ಕತ್ತು ಅವನ ಬೆನ್ನ ಹಿಂದೆ ಆಧಾರವಿಲ್ಲದೆ ಜೋತಾಡುತ್ತಿತ್ತು.

ಅವಳು ಜನರನ್ನು ತಳ್ಳಿಕೊಂಡು ಓಡಿದಳು.

"ಕತ್ತಿಗೆ ಕೈ ಕೊಡಯ್ಯ. ಮಗು ಕತ್ತು ಉಳುಕ್ತದೆ" ಎನ್ನುತ್ತಾ ತಾನೇ ಕೈ ಕೊಟ್ಟಳು. ಕೈಗೆ ಸಿಕ್ಕಿದ್ದು ಮರ. ಕಂಬಳಿಯೊಳಗಿಂದ ಗುಂ ಎಂದು ಒಂದು ದನಿ ಬಂತು.

ಅವನು ತಿರುಗಿ ನೋಡಿ ನಕ್ಕ. "ಮಗು ಅಲ್ಲ ಕಣಮ್ಮಿ. ಗಿಟಾರು."

ಶಿವನಂಜಮ್ಮ ನಗಲಿಲ್ಲ. ಸುಟ್ಟಂತೆ ಕೈ ಹಿಂದಕ್ಕೆಳೆದುಕೊಂಡಳು. ಅವಳ ಮುಖದಲ್ಲಿ ಅವನು ಏನು ಕಂಡನೋ, ನಗು ಅಲ್ಲಿಗೇ ನಿಂತಿತು.

ಯುದ್ಧ ಮುಗಿದು, ಜಪಾನಿನವರ ಸೆರೆಯಲ್ಲಿದ್ದ ಸಿಪಾಯಿಗಳು ಒಬ್ಬೊಬ್ಬರಾಗಿ ಊರಿಗೆ ಮರಳುತ್ತಿದ್ದ ಕಾಲ ಅದು. ಶಿವನಂಜಮ್ಮನ ಗಂಡ ರಾಮಲಿಂಗಯ್ಯ ಪಲ್ಟನ್ನಿನ ಜೊತೆ ಸಿಂಗಾಪುರಕ್ಕೆ ಹೋದವನು. ಹೋದಾಗ ಅವಳು ಬಸುರಿ. ಹುಟ್ಟಿದ ಮಗು ಹಲ್ಲು ಬರುವ ಮೊದಲೇ ವಾಂತಿಭೇದಿಯಲ್ಲಿ ಹೋಯಿತು. ಗಂಡನಿಗೆ ಆ ಸುದ್ದಿಯೂ ಮುಟ್ಟಲಿಲ್ಲ, ಅವನ ಸುದ್ದಿಯೂ ಬರಲಿಲ್ಲ. ಅತ್ತೆ ದೊಡ್ಡತಾಯಮ್ಮ ಮಾತ್ರ ಸಿಪಾಯಿಗಳು ಬರುತ್ತಾರೆಂದು ಕೇಳಿದಾಗಲೆಲ್ಲ ಸೊಸೆಯನ್ನು ಕರೆದುಕೊಂಡು ಕೊತ್ತತ್ತಿಯಿಂದ ಮಂಡ್ಯ ಸ್ಟೇಷನ್ನಿಗೆ ನಡೆದು ಬರುತ್ತಿದ್ದಳು. ಇಳಿದವರ ಮುಖವನ್ನೆಲ್ಲ ನೋಡಿ, ಗಾಡಿ ಹೊರಟ ಮೇಲೆ, "ಮುಂದಿನ ಗಾಡೀಲಿ ಬತ್ತಾನೆ, ನಡಿ" ಎನ್ನುತ್ತಿದ್ದಳು.

ಅವತ್ತೂ ಹಾಗೇ ಅಂದಳು. ಗಿಟಾರಿನವನು ಅವರ ಹಿಂದೆಯೇ ದಾರಿಯುದ್ದಕ್ಕೂ ಬಂದ. ಅವನ ಹೆಸರು ನಾಗಯ್ಯ, ಪೂರಿಗಾಲಿಯವನು. ಶಿವನಂಜಮ್ಮನ ಪಕ್ಕದ ಮನೆಯ ಬೀರಮ್ಮನ ತಮ್ಮ. ಕಬ್ಬು ಕಡಿಯುವ ಕೆಲಸಕ್ಕೆಂದು ಅಕ್ಕನ ಮನೆಗೆ ಬಂದಿದ್ದ.

ಬಂದವನು ಹಗಲೆಲ್ಲ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದ. ಸಂಜೆ ನಾಲೆಯಲ್ಲಿ ಮೈ ತೊಳೆದುಕೊಂಡು ಬಂದು, ಜಗಲಿಯ ಮೇಲೆ ಕೂತು ಗಿಟಾರನ್ನು ತೊಡೆಗೇರಿಸಿಕೊಳ್ಳುತ್ತಿದ್ದ. ಗೋಡೆಯ ಈಚೆ ರಾಗಿ ಬೀಸುತ್ತಿದ್ದ ಶಿವನಂಜಮ್ಮ ಕಲ್ಲು ನಿಲ್ಲಿಸಿ ಕೇಳುತ್ತಿದ್ದಳು. ಆ ದನಿಗೆ ಮಿರುಗು ಇಲ್ಲ, ಗಲಗಲ ಸದ್ದಿಲ್ಲ. ಒಂದೊಂದು ತಂತಿಯ ಮಾತೂ ಬೇರೆ ಬೇರೆ ಕೇಳುತ್ತಿತ್ತು. ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗುತ್ತಿತ್ತು.

ಒಂದು ಸಂಜೆ ಬೀರಮ್ಮನಿಗೆ ಹಿಟ್ಟು ಕೊಡುವ ನೆಪದಲ್ಲಿ ಅವಳು ಜಗಲಿಯ ಬಳಿಯೇ ನಿಂತಳು.

"ಇದ್ರ ಮೈಯೆಲ್ಲ ಒಂದೇ ಬಣ್ಣ. ಬೆಲ್ಲದಚ್ಚಿನಂಗದೆ."

"ಮಹಾಗನಿ ಮರ. ಮುಂದೂ ಅದೇ, ಹಿಂದೂ ಅದೇ, ಪಕ್ಕಾನೂ ಅದೇ."

"ಮಾಗಣಿ."

"ಮ-ಹಾ-ಗ-ನಿ."

"ಅದ್ನೇಯ ನಾನಂದಿದ್ದು. ಮಾಗಣಿ."

ನಾಗಯ್ಯ ನಗು ಮರೆಸಲು ತಂತಿಯ ಮೇಲೆ ಬಗ್ಗಿದ. ಅವಳಿಗೆ ಅದು ಗೊತ್ತಾಯಿತು. ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಅವಳೂ ನಕ್ಕಳು. ಎಷ್ಟೋ ವರ್ಷದಿಂದ ನಗದ ಬಾಯಿ ನೋಯುವಂತಾಯಿತು.

ಯುದ್ಧದ ಕಾಲದಲ್ಲಿ ಅವನು ಬೆಂಗಳೂರಿನ ಮಿಲಿಟರಿ ಕ್ಯಾಂಪಿನಲ್ಲಿ ಪಾತ್ರೆ ತೊಳೆಯುತ್ತಿದ್ದನಂತೆ. ಅಲ್ಲಿದ್ದ ಒಬ್ಬ ಅಮೆರಿಕದ ಸಿಪಾಯಿ ಇದನ್ನು ನುಡಿಸಲು ಕಲಿಸಿ, ಹಡಗು ಹತ್ತುವ ಮುಂಚೆ ಇವನಿಗೇ ಬಿಟ್ಟು ಹೋದನಂತೆ.

"ಇನ್ನೊಬ್ಬ ಸಿಪಾಯಿ ತಾವ ಬಿಳೀ ಮುಖದ ಗಿಟಾರಿತ್ತು. ಅದು ಬಾರ್ಸುದ್ರೆ ಮದುವೆ ಮನೆ ಓಲಗ. ಎಲ್ರೂ ಅತ್ತಾಗೆ ಓಡೋರು. ಇದು ಪಕ್ಕದಲ್ಲಿ ಕೂತು ಮಾತಾಡ್ದಂಗೆ. ನಮ್ಮಪ್ಪ ಪೂರಿಗಾಲೀಲಿ ತಮಟೆ ಬಡಿಯೋನು. ಏನ್ಲಾ ಇದು, ಜಗಲಿ ದಾಟದಿರೋ ವಾದ್ಯ ಅಂತ ಬೈದ."

"ನಮ್ಮನೆಗಂಟ ದಾಟ್ತದಲ್ಲ" ಎಂದುಬಿಟ್ಟಳು. ಅಂದ ಮೇಲೆ ನಾಚಿಕೆಯಾಯಿತು.

ಅವನು ತಲೆಯೆತ್ತಿ ಅವಳನ್ನೇ ನೋಡಿದ. "ಇಲ್ಲಿ ಕೈ ಮಡಗು" ಎಂದು ಗಿಟಾರಿನ ಬೆನ್ನು ತೋರಿಸಿದ.

ಅಂಗೈ ಊರಿದಳು. ಮರ ಅವನ ಮೈಶಾಖಕ್ಕೆ ಬೆಚ್ಚಗಿತ್ತು. ಅವನು ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದ. ನಡುಕ ಅಂಗೈಯಿಂದ ಮುಂಗೈಗೆ ಹತ್ತಿ, ಅವಳ ಗಾಜಿನ ಬಳೆಗಳು ಒಂದಕ್ಕೊಂದು ತಾಗಿ ಮೆಲ್ಲಗೆ ನಡುಗಿದವು.

"ಸಾಕಾ?"

"ಇನ್ನೊಂದ್ಸಲ" ಎಂದಳು ಶಿವನಂಜಮ್ಮ.

ಬೀರಮ್ಮನ ಕಣ್ಣಿಗೆ ಇದು ಬೀಳದೆ ಇರಲಿಲ್ಲ. ಅವಳು ಕೇರಿಯ ಯಜಮಾನ ಹುಚ್ಚೀರಯ್ಯನನ್ನು ಕೇಳಿದಳು. ಅವರಲ್ಲಿ ಗಂಡ ಸತ್ತವಳು ಇನ್ನೊಬ್ಬನ ಜೊತೆ ಕೂಡಿಕೆಯಾಗುವುದು ಹೊಸದಲ್ಲ.

"ಗಂಡ ಸತ್ತೌನೆ ಅಂತ ಖಾತ್ರಿ ಆಗ್ಬೇಕು. ಇಲ್ದಿದ್ರೆ ಅತ್ತೆ ಒಪ್ಪಿ ಬಳೆ ತೆಗೆಸ್ಬೇಕು. ಎರಡೂ ಇಲ್ದೆ ಎಂಗವ್ವ ಮಾಡಾನ?" ಎಂದ ಹುಚ್ಚೀರಯ್ಯ.

ಬೀರಮ್ಮ ಬಂದು ಕೇಳಿದಾಗ ದೊಡ್ಡತಾಯಮ್ಮ ಕೂಗಾಡಲಿಲ್ಲ. ಒಲೆಯ ಮುಂದೆ ಕೂತವಳು ಸೊಸೆಯ ಕಡೆ ತಿರುಗದೆ ಹೇಳಿದಳು: "ನಿನ್ನ ಬಳೆ ಒಡುದ್ರೆ ನನ್ನ ಮಗನ್ನ ನಾನೇ ಕೊಂದಂಗೆ. ನನ್ನ ಕೈಲಾಗಕಿಲ್ಲ ಕಣೆ ನಂಜಿ."

ಶಿವನಂಜಮ್ಮ ಎದುರಾಡಲಿಲ್ಲ. ಮಗು ಹೋದಾಗ ಇದೇ ಮುದುಕಿ ಅವಳನ್ನು ತನ್ನ ಚಾಪೆಯಲ್ಲಿ ಮಲಗಿಸಿಕೊಂಡು, ಹಾಲು ಕಟ್ಟಿ ನೋಯುತ್ತಿದ್ದ ಎದೆಗೆ ಹಾಲು ಬತ್ತಲೆಂದು ಮಲ್ಲಿಗೆ ಹೂ ಕಟ್ಟಿ, ಬೆಳಗಾಗುವತನಕ ಬೆನ್ನು ಸವರಿದ್ದಳು. ಅವ್ವ ಅಪ್ಪ ಇಲ್ಲದವಳಿಗೆ ಇದ್ದದ್ದು ಆ ಕೈ ಒಂದೇ.

ಬೇಸಿಗೆಯಲ್ಲಿ ಮದ್ದೂರಿನಿಂದ ಅಪ್ಪಾಜಿ ಎಂಬ ಸಿಪಾಯಿ ಮನೆ ಹುಡುಕಿಕೊಂಡು ಬಂದ. ಅತ್ತೆ ಹುಲ್ಲು ತರಲು ನಾಲೆಯ ಕಡೆ ಹೋಗಿದ್ದಳು. ಅಪ್ಪಾಜಿಗೆ ಮೈಯಲ್ಲಿ ಮೂಳೆ ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಕೊಟ್ಟ ನೀರನ್ನು ಕುಡಿದು, ಚೊಂಬು ಕೆಳಗಿಟ್ಟು ಹೇಳಿದ.

"ರಾಮಲಿಂಗಯ್ಯ ಇಲ್ಲ ಕಣಮ್ಮ. ಸಮುದ್ರದ ಮಧ್ಯೆ ಒಂದು ದ್ವೀಪದಾಗೆ ವಿಮಾನ ಇಳಿಯಾಕೆ ದಾರಿ ಮಾಡುಸ್ತಿದ್ರು. ಕಲ್ಲು ಒರಬೇಕು. ಒಟ್ಟೆ ಕಾಯ್ಲೆ ಬಂತು. ನಾವೇ ಮಣ್ಣು ಮಾಡ್ದೊ."

"ಕೊನೆಗೆ ಏನಾರ ಅಂದ್ರಾ?"

"ನೀರು ಕೇಳ್ದ."

ಅಷ್ಟರಲ್ಲಿ ಕೇರಿಯ ಕೊನೆಯಲ್ಲಿ ಹುಲ್ಲಿನ ಹೊರೆ ಹೊತ್ತ ಅತ್ತೆ ಕಂಡಳು. ಶಿವನಂಜಮ್ಮ ಅಳುವನ್ನು ನುಂಗಿ, ಅಪ್ಪಾಜಿಯ ಮುಂದೆ ಕೈ ಮುಗಿದಳು. "ಅಣ್ಣ, ಅತ್ತೆಗೆ ಏಳ್ಬೇಡಿ. ದಾರಿ ತಪ್ಪಿ ಬಂದೆ ಅನ್ನಿ." ಅಪ್ಪಾಜಿ ಕಣ್ಣೊರೆಸಿಕೊಳ್ಳುತ್ತಾ ಅತ್ತೆಗೆ ಹಾಗೇ ಹೇಳಿ ಹೊರಟ.

ನಾಗಯ್ಯನಿಗೆ ಮಾತ್ರ ಹೇಳಿದಳು.

"ಯಜಮಾನ್ರಿಗೆ ಏಳಾನ. ದಾರಿ ತೆರಿತದೆ."

"ಅತ್ತೆ ಸಾಯ್ತಾಳೆ ಕಣಯ್ಯ."

"ಮತ್ತೆ ನಾನು?"

"ನೀನು ಬಾಯಿ ಬುಟ್ರೆ ನಿನ್ನ ಮುಖ ನೋಡಕಿಲ್ಲ" ಎಂದಷ್ಟೇ ಹೇಳಿ ಎದ್ದುಹೋದಳು. ನಾಗಯ್ಯ ಬಾಯಿ ಬಿಡಲಿಲ್ಲ. ಗಂಡನಿಲ್ಲವೆಂದು ತಿಳಿದೂ ಅವಳು ಬೆಳಿಗ್ಗೆ ಎದ್ದು ಕುಂಕುಮವಿಡುವುದನ್ನು ಪಕ್ಕದ ಜಗಲಿಯಿಂದ ನೋಡುತ್ತಾ ದಿನ ಕಳೆದ.

ಮಳೆಗಾಲ ಬಂತು, ನಾಲೆಯ ಬಯಲಿಗೆ ಚಳಿಜ್ವರ ಬಂತು. ದೊಡ್ಡತಾಯಮ್ಮ ಹಾಸಿಗೆ ಹಿಡಿದಳು. ಕಿವಿ ಮಂದವಾಯಿತು. ಆದರೂ ಪಕ್ಕದ ಮನೆಯ ದನಿ ಗೋಡೆಯಲ್ಲಿ ತಿಳಿಯುತ್ತಿತ್ತೋ ಏನೋ, ಒಂದು ಮಧ್ಯಾಹ್ನ ಅವಳೇ ಕೇಳಿದಳು.

"ಆ ನಾಗನ್ನ ಕರಿ. ಅದೇನು ಗುಂಯ್ ಅಂತದೋ ನಾನೂ ಕೇಳ್ತೀನಿ."

ನಾಗಯ್ಯ ಬಂದ. ಎರಡು ತಂತಿ ಹರಿದಿದ್ದವು, ಮಂಡ್ಯದಲ್ಲಿ ಬೇರೆ ಸಿಗದೆ ಉಳಿದವುಗಳಲ್ಲೇ ನುಡಿಸುತ್ತಿದ್ದ. ಮುದುಕಿಗೆ ಕೇಳದೆಂದು ಗಿಟಾರನ್ನು ಮಂಚದ ಮೇಲೇ ಇಟ್ಟು, ಅದರ ಬೆನ್ನನ್ನು ಅವಳ ಪಕ್ಕೆಗೆ ಒತ್ತಿದ. ಮೆಲ್ಲಗೆ ಮೀಟಿದ.

ದೊಡ್ಡತಾಯಮ್ಮ ಕಣ್ಣು ಮುಚ್ಚಿದಳು. "ಪಕ್ಕೆಗೇ ಬತ್ತದೆ ಕಣ್ಲಾ. ಒಟ್ಟೆಯೊಳಗೆ ಕೂಸು ಒದ್ದಂಗೆ." ಆಮೇಲೆ ಕಣ್ಣು ತೆರೆದು ಸೊಸೆಯನ್ನು ನೋಡಿದಳು. "ನಂಜಿ, ಆವತ್ತು ಬಂದಿದ್ದೋನು ಯಾರು? ದಾರಿ ತಪ್ಪಿದೋನು ಚೊಂಬು ನೀರು ಕುಡುದು ಅಳ್ತಾನಾ? ನಿಜ ಏಳು. ನನ್ನ ಮಗ ಬದುಕೌನಾ?"

ಇಷ್ಟು ದಿನ ಸುಳ್ಳು ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಾಗಿತ್ತು. ಈಗ ಆ ಕಣ್ಣುಗಳನ್ನು ನೋಡುತ್ತಾ ಸುಳ್ಳಾಡಲು ನಾಲಿಗೆ ಏಳಲಿಲ್ಲ.

"ಇಲ್ಲ, ಅತ್ತೆ. ಓಗ್ಬುಟ್ರು."

ಮುದುಕಿಯ ಮುಖ ಕಲ್ಲಾಯಿತು. ನೋಟ ಸೊಸೆಯಿಂದ ನಾಗಯ್ಯನ ಕಡೆಗೆ, ಅವನಿಂದ ಗಿಟಾರಿನ ಕಡೆಗೆ ಹೊರಳಿತು.

"ಈ ಗಂಡು ಬೇಕು ಅಂತ ನನ್ನ ಮಗನ್ನ ಸಾಯುಸ್ತಿಯಾ?"

"ಅತ್ತೆ, ಅಂಗನ್ಬ್ಯಾಡ."

"ತೆಗಿ ಇದ್ನ." ಎಲ್ಲಿತ್ತೋ ಆ ಶಕ್ತಿ, ಎರಡು ಕೈಯಲ್ಲೂ ನೂಕಿದಳು. ಗಿಟಾರು ನೆಲಕ್ಕೆ ಬಿತ್ತು. ಅದರ ಪಕ್ಕೆ ಉದ್ದಕ್ಕೆ ಸೀಳಿತು. ನಾಗಯ್ಯ ಅದನ್ನು ಎತ್ತಿಕೊಂಡು ಹೊರಗೆ ಹೋದ.

ಆಮೇಲೆ ದೊಡ್ಡತಾಯಮ್ಮ ಸೊಸೆಯ ಕೈಯ ಗಂಜಿ ಮುಟ್ಟಲಿಲ್ಲ. ಬೀರಮ್ಮ ಕುಡಿಸಿದರೆ ಒಂದು ಗುಟುಕು. ವಾರ ಕಳೆಯುವುದರೊಳಗೆ ಹೋದಳು. ಕೊನೆಯವರೆಗೂ ಗೋಡೆಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಶಿವನಂಜಮ್ಮ ಬೆನ್ನು ಸವರಲು ಹೋದರೆ ಆ ಬೆನ್ನು ಬಿಗಿದುಕೊಳ್ಳುತ್ತಿತ್ತು.

ಮಣ್ಣಾದ ಮೇಲೆ ಹುಚ್ಚೀರಯ್ಯ ಮದ್ದೂರಿನಿಂದ ಅಪ್ಪಾಜಿಯನ್ನು ಕರೆಸಿದ. ಅಪ್ಪಾಜಿ ಕಂಡದ್ದನ್ನು ಕೇರಿಯವರ ಮುಂದೆ ಹೇಳಿದ. ಹೆಂಗಸರು ಶಿವನಂಜಮ್ಮನನ್ನು ಕೂರಿಸಿ ಬಳೆ ಒಡೆದರು. ಅವಳು ಆಗ ಅತ್ತಳು. ಒಂದು ಚೊಂಬು ನೀರಿಲ್ಲದೆ ಸತ್ತ ಗಂಡನಿಗಾಗಿ, ಅವನು ನೋಡದ ಮಗುವಿಗಾಗಿ, ಮುಖ ತಿರುಗಿಸಿಕೊಂಡು ಹೋದ ಅತ್ತೆಗಾಗಿ, ಇಷ್ಟು ಕಾಲ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂತು. ನಾಗಯ್ಯ ಗಂಡಸರ ನಡುವೆ ನಿಂತು, ಅವಳು ಇನ್ನೊಬ್ಬನಿಗಾಗಿ ಅಳುವುದನ್ನು ತಲೆ ತಗ್ಗಿಸಿ ಕೇಳಿದ.

ತಿಥಿ ಮುಗಿದ ಸಂಜೆ ಅವನು ಅವಳ ಬಾಗಿಲಿಗೆ ಬಂದ. ಹೆಗಲಲ್ಲಿ ಗಿಟಾರು. ಸೀಳಿದ ಪಕ್ಕೆಗೆ ಅಂಟು ಮೆತ್ತಿ, ಬಟ್ಟೆ ಬಿಗಿದು ಕಟ್ಟಿದ್ದ. ಅವಳು ಹೊಸ್ತಿಲ ಒಳಗೆ ಕೂತಿದ್ದಳು.

"ಮೊದ್ಲಿನಂಗೆ ನುಡಿತದಾ?" ಎಂದು ಕೇಳಿದಳು.

"ಇಲ್ಲ. ಗೊರ ಗೊರ ಅಂತದೆ."

"ಅತ್ತೆ ನನ್ನ ನಂಬ್ಲಿಲ್ಲ."

"ಊಂ."

"ಅವಳಂದಿದ್ದು ಪೂರಾ ಸುಳ್ಳೂ ಅಲ್ಲ ಕಣಯ್ಯ. ಅಪ್ಪಾಜಿ ಅಣ್ಣ ಏಳ್ದಾಗ, ಒಂದು ಗಳಿಗೆ, ಒಂದೇ ಗಳಿಗೆ ನಿನ್ನ ನೆನುಸ್ಕೊಂಡೆ."

ಅವಳು ಅವನಿಗೆ ಪ್ರೀತಿ ಹೇಳಿದ್ದು ಹೀಗೆ. ನಾಗಯ್ಯ ಹೆಗಲಿನ ಗಿಟಾರನ್ನು ಸರಿಮಾಡಿಕೊಂಡ.

"ನಾನು ಪೂರಿಗಾಲಿಗೆ ಓಯ್ತೀನಿ. ನಿನ್ನ ದುಃಖ ಇಳೀಲಿ. ಎಷ್ಟು ವರ್ಸ ಆದ್ರೂ ಸರಿ, ನಾನು ಕಾಯ್ತೀನಿ."

"ಕಾಯ್ಬೇಡ." ಶಿವನಂಜಮ್ಮ ಬೋಳು ಕೈಯಿಂದ ಮುಖ ಒರೆಸಿಕೊಂಡಳು. "ಕಾಯೋರ ಜೊತೇಲಿ ಬಾಳಿದ್ದು ಸಾಕಾಯ್ತು. ದುಃಖ ಇಳಿಯೋದಾದ್ರೆ ನೀನಿದ್ದಾಗ್ಲೇ ಇಳೀಲಿ. ಒಳಕ್ಕೆ ಬಾ."

ಅವನು ಗಿಟಾರನ್ನು ಜಗಲಿಯ ಗೋಡೆಗೆ ಒರಗಿಸಿ, ಬಾಗಿಲಲ್ಲಿ ತಲೆ ಬಗ್ಗಿಸಿದ.

"ಅದ್ನೂ ತಗಂಡು ಬಾ" ಎಂದಳು. "ಇಬ್ಬನಿ ಬೀಳ್ತದೆ."