ಒಂದೇ ಬಟ್ಟೆ, ಎರಡು ಅಳತೆ

"ಇದೊಂದೇ ಬಟ್ಟೇಲಿ ಎರಡು ರವಿಕೆ ಆಗ್ಬೇಕು. ಅಳತೆ ಬೇರೆ ಬೇರೆ..."

ಟೈಲರಮ್ಮ ಟೇಪು ಬಿಚ್ಚುತ್ತಾ ತಲೆ ಎತ್ತಿದಳು. ಎದುರಿಗಿದ್ದವನು ಪಕ್ಕದ ಅಂಗಡಿಗೆ ಹೊಸದಾಗಿ ಬಂದಿದ್ದ ಬೀಗ ರಿಪೇರಿಯವನು.

"ಎರಡೂ ಒಂದೇ ಮನೆಗಾ?"

"ಇಲ್ಲ, ಎರಡು ಮನೆ. ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ. ಒಂದಿಂಚು ಹೆಚ್ಚುಕಮ್ಮಿ ಆದ್ರೂ ನನ್ನ ಕಥೆ ಮುಗೀತು!" ಅವನು ನಕ್ಕ.

ಅವಳು ನಗಲಿಲ್ಲ. ಬಟ್ಟೆಯನ್ನು ಅವನ ಕೈಗೇ ತುರುಕಿದಳು.

"ಬೇರೆ ಕಡೆ ಹೊಲಿಸ್ಕೊಳ್ಳಿ!"

ಅವಳ ಅಪ್ಪನಿಗೂ ಎರಡು ಮನೆ. ಸೋಮ, ಬುಧ, ಶುಕ್ರ ಆ ಮನೆ. ಮಂಗಳ, ಗುರು, ಶನಿ ಈ ಮನೆ. ಭಾನುವಾರ ಯಾರ ಪಾಲಿಗೆ ಎಂಬ ಜಗಳ ಕೊನೆಯವರೆಗೂ ತೀರಲಿಲ್ಲ. ಅಪ್ಪ ಏನೇ ತಂದರೂ ಜೋಡಿಯಾಗಿ ತರುತ್ತಿದ್ದ. ಬಟ್ಟೆ ಬಂದರೆ ಅಮ್ಮ ಮೊದಲು ಗೇಣು ಹಾಕಿ ಅಳೆಯುತ್ತಿದ್ದಳು, ಆ ಮನೆಗೆ ಹೆಚ್ಚು ಹೋಯಿತೇನೋ ಎಂದು. ಮಂಗಳವಾರ ಅರಳಿದ ಮುಖ ಬುಧವಾರ ಬಾಡುತ್ತಿತ್ತು.

ಒಂದು ಸೋಮವಾರ ಮಗಳಿಗೆ ಜ್ವರ ಬಂದಾಗ ಅಮ್ಮ ಹೇಳಿದ್ದು ಒಂದೇ ಮಾತು. "ನಾಳೆ ಅಪ್ಪ ಬರ್ತಾರೆ, ತಡ್ಕೋ."

ಜ್ವರ ವಾರ ನೋಡಿ ಬರುತ್ತದೆಯೇ? ವಯಸ್ಸು ಮೂವತ್ತು ದಾಟಿದರೂ ಸೋಮವಾರ ಬಂತೆಂದರೆ ಅವಳ ಎದೆ ಭಾರವಾಗುತ್ತದೆ. ಅರ್ಧ ಗಂಡನ ಸಹವಾಸ ಬೇಡವೇ ಬೇಡ ಎಂದು ಎಂದೋ ತೀರ್ಮಾನಿಸಿದ್ದಳು.

ಆದರೆ ಮನಸ್ಸು ಹೇಳಿದ ಮಾತು ಕೇಳಬೇಕಲ್ಲ! ಮರುವಾರ ಅವಳ ಅಂಗಡಿಯ ಬೀಗ ಕೈಕೊಟ್ಟಿತು. ಅವನು ಎರಡೇ ನಿಮಿಷದಲ್ಲಿ ತೆಗೆದುಕೊಟ್ಟ.

"ಕೋಪ ಇನ್ನೂ ಇಳಿದಿಲ್ವಾ?" ಎಂದು ಮೆಲ್ಲಗೆ ನಕ್ಕ.

ಅವಳ ತುಟಿಯಂಚಿನಲ್ಲೂ ನಗು ಮೂಡಿತು. 'ಛೀ! ಇಬ್ಬರು ಹೆಂಡಿರ ಗಂಡನ ನಗುವಿಗೆ ಕರಗೋದಾ?' ಎಂದು ತನ್ನನ್ನೇ ಬೈದುಕೊಂಡಳು.

ಅದಾಗಿ ನಾಲ್ಕು ದಿನಕ್ಕೆ, ಮಟಮಟ ಮಧ್ಯಾಹ್ನ, ಇಬ್ಬರು ವಯಸ್ಸಾದ ಹೆಂಗಸರು ಅದೇ ಬಟ್ಟೆ ಹಿಡಿದು ಅಂಗಡಿಗೆ ನುಗ್ಗಿದರು.

"ನಮ್ಮ ಬೀಗದ ಹುಡುಗನಿಗೆ ಹೊಲಿಯಲ್ಲ ಅಂದ್ಯಂತೆ? ಯಾಕಮ್ಮಾ?" ದಪ್ಪಗಿದ್ದವರು ಕೇಳಿದರು.

"ಅದಿರಲಿ, ಮೊದಲು ನನ್ನ ಅಳತೆ ತಗೋ," ಎಂದು ತೆಳ್ಳಗಿದ್ದವರು ಮುಂದೆ ಬಂದರು.

"ನಿನ್ನದ್ಯಾಕೆ ಮೊದಲು? ಅವನನ್ನ ಹೆತ್ತವಳು ನಾನು!"

"ಅವರಪ್ಪ ಮೊದಲು ಕಟ್ಟಿಕೊಂಡದ್ದು ನನ್ನನ್ನ! ಅವನಿಗೆ ನಾನು ದೊಡ್ಡಮ್ಮ!"

ಗಂಡ ಸತ್ತು ಹತ್ತು ವರ್ಷವಾಗಿತ್ತು, ಪೈಪೋಟಿ ಮಾತ್ರ ಗಟ್ಟಿಮುಟ್ಟಾಗಿತ್ತು.

'ಅಂದ್ರೆ... ಎರಡು ಮನೆ ಅಂದಿದ್ದು ಅಮ್ಮಂದಿರ ಮನೆಗಳಾ!' ಟೈಲರಮ್ಮ ನಾಚಿಕೆಯಿಂದ ತಲೆ ಎತ್ತಲಾರದೆ ಇಬ್ಬರ ಅಳತೆಯನ್ನೂ ಬರೆದುಕೊಂಡಳು.

ಸಂಜೆ ತಾನಾಗಿಯೇ ಅವನ ಅಂಗಡಿಗೆ ಹೋದಳು.

"ಮೊದಲೇ ಹೇಳಬಾರದಿತ್ತಾ?"

"ನೀವು ಕೇಳಿದ್ರೆ ತಾನೇ?" ಅವನು ಕೈಯಲ್ಲಿದ್ದ ಬೀಗ ಕೆಳಗಿಟ್ಟ. "ಚಿಕ್ಕವನಿದ್ದಾಗ ಒಬ್ಬರ ಮನೇಲಿ ಉಂಡ್ರೆ ಇನ್ನೊಬ್ಬರು ಅಳ್ತಿದ್ರು. ಅದಕ್ಕೆ ಎರಡೂ ಕಡೆ ಉಣ್ತಿದ್ದೆ. ನನಗೆ ನಿಜವಾಗ್ಲೂ ಹಸಿವಾಗಿದೆಯಾ, ಇಲ್ವಾ ಅಂತ ಇವತ್ತಿಗೂ ಗೊತ್ತಾಗಲ್ಲ."

ಅವನ ಮಾತು ಅವಳಿಗೆ ಪೂರ್ತಿ ಅರ್ಥವಾಗಿತ್ತು.

ಅವನು ಡ್ರಾಯರಿನಿಂದ ಹಸಿರು ಬಟ್ಟೆಯೊಂದನ್ನು ತೆಗೆದ. "ಇದು ಮಾತ್ರ ಒಂದೇ ತಂದಿದ್ದೀನಿ. ಜೋಡಿ ಇಲ್ಲದೆ ಏನಾದ್ರೂ ಕೊಂಡಿದ್ದು ಇದೇ ಮೊದಲು..."

"ಯಾರ ಅಳತೆಗೆ?"

"ನಿಮ್ಮ ಅಳತೆಗೆ. ನನ್ನನ್ನ ಒಪ್ಪಿದ್ರೆ."

ಅವಳು ಬಟ್ಟೆ ತೆಗೆದುಕೊಂಡಳು. ಬೆರಳುಗಳು ತಾವಾಗಿಯೇ ಗೇಣು ಹಾಕತೊಡಗಿದವು, ಥೇಟ್ ಅಮ್ಮನ ಹಾಗೆ. ಅರ್ಧಕ್ಕೇ ನಿಲ್ಲಿಸಿ, ಬಟ್ಟೆಯನ್ನು ಎದೆಗೊತ್ತಿಕೊಂಡಳು.

"ಮನೇಲಿ ಯಾವ್ಯಾವ ದಿನ ಇರ್ತೀರಿ?"

"ಹಗಲು ಹೋಗಿ ಅಮ್ಮಂದಿರನ್ನ ನೋಡ್ಕೊಂಡು ಬರ್ತೀನಿ. ಸಂಜೆ ದಿನಾ ನಿಮ್ಮ ಜೊತೆ."

"ನಮ್ಮಪ್ಪ ಸೋಮವಾರ ಬರ್ತಿರಲಿಲ್ಲ..."

ಅವನು ಕೆಳಗಿಟ್ಟಿದ್ದ ಬೀಗವನ್ನು ಪಕ್ಕಕ್ಕೆ ಸರಿಸಿದ.

"ಹಾಗಾದ್ರೆ ಸೋಮವಾರ ಅಂಗಡೀನೇ ತೆಗೆಯಲ್ಲ."