ಡುಬ್ಬದ ಬ್ರಿಜ್ ಮ್ಯಾಲಿಂದ ಹಿಂದ ಸರದಾಂವ

ಖರೇ ಹೇಳ್ತೀನಿ ಬಾಷುಮಿಯಾ, ಇದರಾಗ ಒಂದು ಮಾತು ಸುಳ್ಳಿದ್ರ ನಿನ್ನ ಚಹಾದಾಗಿನ ಸಕ್ರಿ ಉಪ್ಪಾಗ್ಲಿ.

ಸಗರದ ಹಳ್ಳದ ಮ್ಯಾಲ ಹಳೇ ಕಲ್ಲಿನ ಬ್ರಿಜ್ ಅದ. ನಡುವ ಒಂಟಿ ಡುಬ್ಬದಂಗ ಎದ್ದದ, ಆ ಕಡೀದು ಈ ಕಡಿ ಕಾಣೂದಿಲ್ಲ. ಈ ಕಡಿ ಮಳಿ ಬಂದ್ರ ಆ ಕಡ್ಯಾವ್ರಿಗಿ ಮರುದಿನ ಸುದ್ದಿ ಮುಟ್ಟತದ.

ಅವತ್ತು ಬ್ರಿಜ್ ಬಾಜು ಮನಿ ಮಾಳಗಿ ಮ್ಯಾಲ ಅನುರಾಧಾ ಟೀಚರ್ ನಿಂತಿದ್ಳು. ರಂಗಂಪೇಟಿ ದೇವು ಹಿರ್ಯಾರನ್ನ ಕರಕೊಂಡು ಹೆಣ್ಣು ಕೇಳಾಕ ಬರಾಂವ ಇದ್ದ. ಇಬ್ಬರದೂ ಎಷ್ಟು ದಿನದ ಪ್ರೀತಿ...

ಡುಬ್ಬದ ಮ್ಯಾಲ ದೇವೂನ ಟ್ರ್ಯಾಕ್ಟರ್ ಮೂತಿ ಕಾಣಿಸ್ತು. ದೇವು ಆಕಿನ್ನ ನೋಡಿ ನಕ್ಕ. ಆಮ್ಯಾಲ ಹಿಂದ ಹೊಳ್ಳಿ ನೋಡಿದ. ಮಾರಿ ಬಿಳಿಚಿತು. ಟ್ರ್ಯಾಕ್ಟರ್ ಹಿಂದ ಹಿಂದ ಸರದು... ಮಾಯ ಆತು.

ಮತ್ತ ಬರಲಿಲ್ಲ.

ಆ ಊರಾಗ ಒಂದು ರಿವಾಜು. ಹೆಣ್ಣು ಕೇಳಾಕ ಬಂದಾವ್ರು ಬ್ರಿಜ್ ಮ್ಯಾಲಿಂದ ಹಿಂದ ಸರದ್ರ, ಹುಡುಗಿ ಬ್ಯಾಡ ಅಂತ ಅರ್ಥ. ಬಾಯಿಲೆ ಹೇಳೂದು ಬೇಕಿಲ್ಲ.

"ನೋಡ್ದೇನವಾ ನಿನ್ನ ದೇವೂನ್ನ?" ಅಂದ ಆಕಿ ಅಪ್ಪ ಅಮಾತೆಪ್ಪ. "ನಿನ್ನ ಕೇಳ್ಯಾರಲ್ಲ, ಆ ಗುರುಮಠಕಲ್ ಮಂದೀಗಿ ನಾಳೆ ಹೂಂ ಅಂತೀನಿ."

ಅನುರಾಧಾ ಫೋನ್ ಬಂದ್ ಮಾಡಿದ್ಳು. ‘ಮಾರಿ ನೋಡಿ ನಕ್ಕು ಹಿಂದ ಹೋದ್ಯಲ್ಲೋ... ಅಷ್ಟರಾಗ ನನ್ನಾಗೇನು ಕಮ್ಮಿ ಕಾಣಿಸ್ತು?’ ಆಕಿ ಕಣ್ಣೀರಿಗಿ ಹಿತ್ತಲದಾಗ ಒಣಗಿದ ಬದನಿ ಗಿಡ ಕಾಯಿ ಬಿಟ್ಟಾವ. ಪಲ್ಯ ನಾನೇ ಉಂಡೀನಿ.

ಮರುದಿನ ಅಮಾತೆಪ್ಪ ಗುರುಮಠಕಲ್ಲಿಗಿ ಫೋನ್ ಹಚ್ಚೂ ಹೊತ್ತಿಗಿ, ಡುಬ್ಬದ ಮ್ಯಾಲ ದೇವು ಕಾಣಿಸ್ದ. ನಡಕೋತ ಬರಾಕತ್ತಿದ್ದ. ಬೆನ್ನಿನ ಮ್ಯಾಲ ಅವನ ಆಯಿ ಮುದುಕಮ್ಮ. ಅಜ್ಜಿ ಕಾಲಿಗಿ ಪಟ್ಟಿ.

ಅನುರಾಧಾ ಓಡಿ ಹೋಗಿ ಅಡ್ಡ ನಿಂತಳು.

"ಯಾಕ ಬಂದಿ? ನಿನ್ನಿ ಹೇಳಿ ಹೋದ್ಯಲ್ಲ."

"ನಾ ಏನು ಹೇಳೀನಿ?"

"ಹಿಂದ ಸರದಿ."

"ಅಂವ ನನ್ನ ಎತ್ತಾಕ ಸರದಾನವಾ," ಅಂದ್ಳು ಮುದುಕಮ್ಮ. "ಡುಬ್ಬ ಏರೂ ಮುಂದ ಟ್ರಾಲಿಯಿಂದ ರಸ್ತೆ ಬಾಜೂಕ ಜಾರಿ ಬಿದ್ದೆ. ಶಹಾಪುರ ದವಾಖಾನ್ಯಾಗ ಇದ್ದೆ. ನಿನ್ನ ಫೋನಿಗಿ ಹಚ್ಚಿ ಹಚ್ಚಿ ಸಾಕಾಗ್ಯಾನ."

ಅನುರಾಧಾಳ ಎದಿ ಮ್ಯಾಲಿನ ಬಂಡಿಗಲ್ಲು ಇಳದಂಗಾತು. ನಿನ್ನಿಯಿಂದ ಹಿಡದ ಉಸಿರು ಬಿಟ್ಟಳು.

"ಟ್ರ್ಯಾಕ್ಟರ್ ಎಲ್ಲಿ?"

"ಬಿಟ್ಟು ಬಂದೀನಿ. ಅದಕ್ಕ ರಿವರ್ಸ್ ಗೇರ್ ಅದ."

ಹಿಂದ ಅಮಾತೆಪ್ಪ ಫೋನ್ ಜೇಬಿಗಿ ಇಟ್ಟ. "ರಸ್ತೆದಾಗ ಯಾಕ ನಿಂತ್ರಿ? ಮುದುಕೀನ್ನ ಹೊತಗೊಂಡು ಎಷ್ಟೊತ್ತು ನಿಲ್ತಾನ ಅಳಿಯಾ? ಬರ್ರಿ ಮನಿಗಿ."

ಅನುರಾಧಾ ಸಣ್ಣಕ ಕೇಳಿದ್ಳು, "ಭಾಳ ವಜ್ಜಿ ಆಗ್ಯದೇನು?"

"ಆಯಿ ವಜ್ಜಿ ಇಲ್ಲ. ನೀ ಮಾತಾಡಲಾರದ್ದು ವಜ್ಜಿ ಆಗಿತ್ತು."

"ಈಗ ಮಾತಾಡಾಕತ್ತೀನಲ್ಲ... ಬಾ."

ಆ ಮಾತಿಗಿ ಬಾಷುಮಿಯಾ, ಬ್ರಿಜ್ಜಿನ ಕಲ್ಲೆಲ್ಲ ನಾಚಿ ಕೆಂಪಾದ್ವು. ಹಳ್ಳದಾಗಿನ ಮೀನ ಹೊರಗ ಬಂದು ಅಕ್ಕಿಕಾಳು ಹಿಡಕೊಂಡು... ಏ, ಎಲ್ಲಿ ಹೊಂಟಿ? ಅಕ್ಕಿಕಾಳು ಹಿಡಕೊಂಡು ಸಾಲಾಗಿ ನಿಂತು, ಅದರಾಗಿನ ಒಂದು ಮೀನ ನನ್ನ ಕಡಿ ನೋಡಿ... ಏ ಬಾಷುಮಿಯಾ, ಪೂರಾ ಕೇಳಿ ಹೋಗೋ!